ಒಂದು ಎಕರೆಗೆ ಒಂಬತ್ತು ಎಕರೆ

ಶಿರಸಿ ಸೀಮೆಯಲ್ಲಿ ಅಡಿಕೆ ತೋಟದ ಲೆಕ್ಕ ತೋಟದೊಳಗೇ ಮುಗಿಯುವುದಿಲ್ಲ. ಬ್ರಿಟಿಷರ ಕಾಲದಿಂದ ಬಂದ ಕಟ್ಟಳೆಯಂತೆ, ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಕಾಡು. ಅದೇ ಸೊಪ್ಪಿನ ಬೆಟ್ಟ. ನೆಲ ಸರ್ಕಾರದ್ದು, ಸೊಪ್ಪು ತೋಟಿಗನದು. ಟೊಂಗೆ ಸವರಬಹುದು, ಮರ ಕಡಿದು ಮಾರುವಂತಿಲ್ಲ.

1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯಿದೆಯ ನಂತರ, ತೇಗದ ಮೇಲೆ ಕಣ್ಣಿಟ್ಟಿದ್ದ ಇಲಾಖೆ ಕಾಡನ್ನು ಮೀಸಲು ಮಾಡುತ್ತಾ ಬಂತು. ಬೆಟ್ಟದ ಸವಲತ್ತು ಮಾತ್ರ ಉಳಿಯಿತು. ಅದಕ್ಕೆ ದಾಕ್ಷಿಣ್ಯಕ್ಕಿಂತ ತೋಟದ ಕಂದಾಯವೇ ಕಾರಣ ಎಂದು ನನ್ನ ಅನಿಸಿಕೆ. ಕುಮರಿ ಬೇಸಾಯ ಮಾಡುತ್ತಿದ್ದ ಬಡವರಿಗೆ ಅಂಥ ಕಂದಾಯದ ಬಲವಿರಲಿಲ್ಲ. ಅವರು ಕಳೆದುಕೊಂಡರು, ನಾವು ತೋಟಿಗರು ಉಳಿಸಿಕೊಂಡೆವು. ಬೆಟ್ಟವನ್ನು ಹೊಗಳುವಾಗ ಇದನ್ನು ಮರೆಯಬಾರದು.

ವ್ಯವಸ್ಥೆಯೇನೋ ಜಾಣತನದ್ದೇ. ತೋಟ ಕಣಿವೆಯ ತಳದಲ್ಲಿ, ಬೆಟ್ಟ ಅದರ ಇಳಿಜಾರಿನಲ್ಲಿ. ಮಳೆನೀರನ್ನು ಬೆಟ್ಟ ಹಿಡಿದಿಟ್ಟು ಬೇಸಿಗೆಯವರೆಗೆ ಒರತೆಯಾಗಿ ಬಿಡುತ್ತದೆ. ಮತ್ತಿ, ಕಿಂದಳ, ನೆಲ್ಲಿಯ ಹಸಿಸೊಪ್ಪು ಕೊಟ್ಟಿಗೆಗೆ ಬಂದು, ದನದ ಕಾಲಡಿ ಸೆಗಣಿ ಗಂಜಳದೊಂದಿಗೆ ಕಲೆತು, ಗೊಬ್ಬರಗುಂಡಿಯಲ್ಲಿ ಮಾಗಿ ಅಡಿಕೆ ಬುಡ ಸೇರುತ್ತದೆ. ಉದುರಿದ ಎಲೆ, ಅಂದರೆ ನಮ್ಮ ದರಕು, ನೆಲಕ್ಕೆ ಹೊದಿಕೆ. ಮೇಲೆ ಅಡಿಕೆಯ ತಲೆ, ಅದರ ಮೈಗೆ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ, ಕೆಳಗೆ ಏಲಕ್ಕಿ: ತೋಟವೇ ಒಂದು ಪುಟ್ಟ ಕಾಡು. ನೈಋತ್ಯದ ಇಳಿಬಿಸಿಲು ಅಡಿಕೆಯ ಕಾಂಡವನ್ನು ಸುಡುತ್ತದೆ. ಆದ್ದರಿಂದ ಆ ದಿಕ್ಕಿನ ಮರಗಳಿಗೆ ಬಲ್ಲವರು ಕತ್ತಿ ತಾಗಿಸುತ್ತಿರಲಿಲ್ಲ.

ಇಂಥ ತೋಟಗಳ ಮೆಣಸು ಅರಬ್ಬಿ ಕಡಲನ್ನು ದಾಟಿದ್ದು ಇಂದು ನಿನ್ನೆಯಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಭಟ್ಕಳದ ಬಂದರಿಗೆ ಹೊರ್ಮುಜ್‌ನಿಂದ ಕುದುರೆ ಬರುತ್ತಿತ್ತು, ಅತ್ತ ಅಕ್ಕಿ, ಸಕ್ಕರೆ, ಮೆಣಸು ಹೋಗುತ್ತಿತ್ತು. ನಾನಿರುವ ನೈಫ್‌ನಿಂದ ದೇರಾದ ಮಸಾಲೆ ಪೇಟೆಗೆ ನಡೆದೇ ಹೋಗಬಹುದು. ಈ ಓಣಿಗಳಲ್ಲಿ ಭಟ್ಕಳದ ನವಾಯತರ ಮಾತು ಈಗಲೂ ಕಿವಿಗೆ ಬೀಳುತ್ತದೆ.

ಬೆಟ್ಟದ ಸೊಪ್ಪು ಎಲ್ಲರಿಗೂ ಬೇಕು, ಗಿಡ ನೆಡುವ ಹೊಣೆ ಯಾರಿಗೂ ಬೇಡ. ಹಾಗಾಗಿ ಎಷ್ಟೋ ಬೆಟ್ಟಗಳು ಬೋಳಾದವು. ಆದರೂ 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಗುತ್ತಿಗೆದಾರರ ಕೊಡಲಿಗೆ ಅಡ್ಡನಿಂತು ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರ ಹೆಸರಿನೊಂದಿಗೆ ಬೆಳೆದ ಅಪ್ಪಿಕೋ ಚಳವಳಿ ಅದು. ಕಾಡು ಹೋದರೆ ತೋಟದ ನೀರೂ ಸೊಪ್ಪೂ ಹೋಗುತ್ತವೆಂದು ಅಲ್ಲಿಯ ಹೆಂಗಸರಿಗೂ ಗಂಡಸರಿಗೂ ಯಾರೂ ಪಾಠ ಹೇಳಬೇಕಿರಲಿಲ್ಲ.

ದುಬೈಯ ಮುಶ್ರಿಫ್ ಉದ್ಯಾನದಲ್ಲಿ ಹಳೆಯ ಘಾಫ್ ಮರಗಳನ್ನು ಹಾಗೇ ಬಿಟ್ಟಿದ್ದಾರೆ. ಘಾಫ್ ಅಂದರೆ ಬೇರೇನಲ್ಲ, ನಮ್ಮ ಬನ್ನಿ. ಈ ದೇಶದ ರಾಷ್ಟ್ರವೃಕ್ಷ. ಆಳಕ್ಕೆ ಬೇರಿಳಿಸಿ ತನ್ನ ನೀರನ್ನು ತಾನೇ ಹುಡುಕಿಕೊಳ್ಳುವ ಮರ ಮರಳಿನಲ್ಲಿ ನಿಂತಿರುವಾಗ, ದಿನಾ ನೀರು ಕುಡಿಯುವ ಹುಲ್ಲುಹಾಸನ್ನು ವಿಲ್ಲಾಗಳ ಮುಂದೆ ಹಾಸುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಆ ಹುಲ್ಲುಹಾಸು ಈಗ ನಮ್ಮೂರಿಗೂ ಬಂದಿದೆ. ತಮ್ಮ ಹೊಸ ಮನೆ ಕಟ್ಟಿಸುತ್ತಿದ್ದಾನೆ. ಮನೆಗೂ ಬೆಟ್ಟಕ್ಕೂ ನಡುವೆ ಅರ್ಧ ಎಕರೆ ಜಾಗ. ಅದಕ್ಕೆ ಹುಲ್ಲು, ಅಲಂಕಾರದ ತಾಳೆ, ಸುತ್ತ ಕಾಂಪೌಂಡ್ ಎಂದು ನಕ್ಷೆ ಬಂತು. ನಾನು ಇಲ್ಲಿಂದ ಇನ್ನೊಂದು ಬರೆದು ಕಳಿಸಿದೆ: ನೈಋತ್ಯದ ಮತ್ತಿಮರಗಳು ಇದ್ದಲ್ಲೇ ಇರಲಿ, ಬೆಟ್ಟದಂಚಿಗೆ ಮುರುಗಲು, ಉಪ್ಪಾಗೆ, ವಾಟೆ, ದಾಲ್ಚಿನ್ನಿ, ಇವು ಬೆಟ್ಟಕ್ಕೂ ಸಲ್ಲುತ್ತವೆ, ಅಡುಗೆಮನೆಗೂ ಸಲ್ಲುತ್ತವೆ, ಅಂಗಳದ ಹತ್ತಿರ ಒಂದು ಸಂಪಿಗೆ, ಬೆಟ್ಟದ ಕಡೆ ಗೋಡೆ ಬೇಡ.

"ಅಣ್ಣಾ, ಕೊಟ್ಟಿಗೆಲಿ ದನನೇ ಇಲ್ಲೆ, ಸೊಪ್ಪು ಯಾರಿಗೆ?" ಎಂದ ತಮ್ಮ. ಮಾತು ಸುಳ್ಳಲ್ಲ. ಸೊಪ್ಪು ಸವರುವ ಆಳಿಲ್ಲ, ಗೊಬ್ಬರ ಚೀಲದಲ್ಲಿ ಬರುತ್ತದೆ. ಆದರೆ ದರಕಿಗೆ ದನ ಬೇಕಿಲ್ಲ, ಗುಡಿಸಿ ನೇರ ಗಿಡದ ಬುಡಕ್ಕೆ ಹಾಕಬಹುದು. ಒರತೆಗಂತೂ ಬೆಟ್ಟ ಬೇಕೇ ಬೇಕು. ಮುರುಗಲು, ವಾಟೆಗೆ ಅವನು ಒಪ್ಪಿದ್ದಾನೆ. ಹುಲ್ಲುಹಾಸು ಎದುರಂಗಳದಷ್ಟಕ್ಕೆ ಇಳಿದಿದೆ. ಗೋಡೆಯ ಮಾತು ಇನ್ನೂ ಇತ್ಯರ್ಥವಾಗಿಲ್ಲ.