ಚಕ್ಕಡಿ ಬಿಟ್ಟಲ್ಲಿ ಆಟ

ಹಿಂಗಾರಿ ಜೋಳ ತೆನೆ ಹಾಯುವ ಹೊತ್ತಿಗೆ ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಮನೆಗಳಲ್ಲಿ ಮುದುಕರಿಗೆ ಕೈಬಿಡುವು. ಬಿತ್ತಿದ್ದಾಗಿದೆ, ಕೊಯ್ಲಿಗೆ ಇನ್ನೂ ದಿನಗಳಿವೆ, ಹಕ್ಕಿ ಕಾಯಲು ಹುಡುಗರಿದ್ದಾರೆ. ಹಗಲು ಬಿಸಿಲು ಹಿತ, ರಾತ್ರಿ ಕೌದಿ ಬೇಕೇ ಬೇಕು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದ ಚಕ್ಕಡಿಯನ್ನು ಮತ್ತೆ ಹೂಡುತ್ತಿದ್ದುದು ಬನದ ಹುಣ್ಣಿಮೆಗೆ. ಅಲ್ಲಿಂದ ಭಾರತ ಹುಣ್ಣಿಮೆಯವರೆಗೆ ಒಂದು ತಿಂಗಳು ಜಾತ್ರೆಗಳದೇ ಕಾಲ: ಬಾದಾಮಿಯ ಬನಶಂಕರಿ, ಸವದತ್ತಿಯ ಯಲ್ಲಮ್ಮನ ಗುಡ್ಡ, ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕ.

ಹಾಗೆ ಹೊರಟ ಬಂಡಿ ಒಂದು ಸಣ್ಣ ಮನೆಯೇ. ಮೇಲೆ ಬಿದಿರ ತಟ್ಟಿಯ ಕಮಾನು, ಒಳಗೆ ಕಣಿಕಿಯ ಮೇಲೆ ಕೌದಿ ಹಾಸಿದ ಮೆತ್ತೆ. ಹೋಗುವಾಗ ಮುತ್ಯಾನ ಹಾಸಿಗೆಯಾದ ಕಣಿಕಿ ಬರುವಷ್ಟರಲ್ಲಿ ಎತ್ತಿನ ಹೊಟ್ಟೆ ಸೇರಿರುತ್ತಿತ್ತು. ಮೂಲೆಯಲ್ಲಿ ಆಯಿ ಕಟ್ಟಿದ ಬುತ್ತಿ: ಎಳ್ಳು ಹಚ್ಚಿದ ಸಜ್ಜಿಯ ಕಟಿರೊಟ್ಟಿ, ಶೇಂಗಾ ಹಿಂಡಿ, ಮಾದಲಿ. ಮುಧೋಳದಿಂದ ಬನಶಂಕರಿ ಎತ್ತಿನ ಕಾಲಿಗೆ ಒಂದು ಹಗಲಿನ ದಾರಿಯಲ್ಲ. ಜಾತ್ರೆ ಮುಟ್ಟಿದವರು ಕೊಳ್ಳು ಹರಿದು, ನೊಗ ಇಳಿಸಿ, ಮೂರು ಕಲ್ಲಿನ ಒಲೆ ಹೂಡಿದರೆಂದರೆ ಅಲ್ಲೇ ಬಿಡಾರ.

ಅಮೆರಿಕದಲ್ಲಿ ಇದಕ್ಕೆ ಸಮೀಪದ ರೂಢಿಯೊಂದಿದೆ. ಕೆನಡಾದ ಮತ್ತು ಉತ್ತರದ ರಾಜ್ಯಗಳ ನಿವೃತ್ತರು ಅಡುಗೆಮನೆ, ಹಾಸಿಗೆ ಎಲ್ಲ ಇರುವ ದೊಡ್ಡ ಗಾಡಿ ಹೊಡೆದುಕೊಂಡು ಚಳಿಗಾಲಕ್ಕೆ ಅರಿಜೋನಾ, ಟೆಕ್ಸಾಸ್, ಫ್ಲಾರಿಡಾಗಳಿಗೆ ಇಳಿಯುತ್ತಾರೆ. ಅರಿಜೋನಾದ ಕ್ವಾರ್ಟ್ಜ್‌ಸೈಟ್ ಎಂಬ ಪುಟ್ಟ ಊರು ಆ ತಿಂಗಳುಗಳಲ್ಲಿ ಗಾಡಿಗಳ ಶಹರವೇ ಆಗುತ್ತದೆ. ಸಂಜೆ ಗಿಟಾರು, ಹಾಡು, ಕುಣಿತ. ಅವರು ಹೊರಡುವುದು ಹಿಮ ತಪ್ಪಿಸಿಕೊಳ್ಳಲು, ಇಲ್ಲಿಯವರು ಹೊರಡುತ್ತಿದ್ದುದು ಹರಕೆ ತೀರಿಸಲು. ಆದರೆ ಹರಕೆ ತೀರಿಸಲು ಎಷ್ಟು ಹೊತ್ತು ಬೇಕು? ಕಾಯಿ ಒಡೆಸಿ, ನೈವೇದ್ಯ ಹಿಡಿದರೆ ಮುಗಿಯಿತು. ಉಳಿದ ರಾತ್ರಿಗಳೆಲ್ಲ ಆಟಕ್ಕೆ.

ಉತ್ತರ ಕರ್ನಾಟಕದ ಬಯಲಾಟಗಳು ಬೆಳಗಿನವರೆಗೆ ನಡೆಯುವುದೇಕೆ ಎಂದರೆ ಭಕ್ತಿ, ಜಾಗರಣೆ ಎಂದು ಉತ್ತರ ಬರುತ್ತದೆ. ಚಕ್ಕಡಿಯೂ ಒಂದು ಕಾರಣ ಎನ್ನಬೇಕು. ಕತ್ತಲಲ್ಲಿ ಎತ್ತು ಹೂಡಿಕೊಂಡು ಊರಿಗೆ ಮರಳುವಂತಿರಲಿಲ್ಲ. ಪ್ರೇಕ್ಷಕನಿಗೆ ಬೆಳಗಾಗುವವರೆಗೆ ಹೋಗಲು ಜಾಗವಿಲ್ಲದಿದ್ದಾಗ ಕಥೆಗೆ ಅವಸರವೇಕೆ?

ಈ ಸೀಮೆಯ ಸ್ವಂತ ಆಟವಾದ ಶ್ರೀಕೃಷ್ಣ ಪಾರಿಜಾತಕ್ಕೆ ಅವಸರವೆಂಬುದೇ ಗೊತ್ತಿಲ್ಲ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು: ಕಥೆ ಇಷ್ಟೇ. ಅಪರಾಳ ತಮ್ಮಣ್ಣ ಕಟ್ಟಿದ್ದನ್ನು 19ನೇ ಶತಮಾನದಲ್ಲಿ ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ. ಘಟಪ್ರಭೆಯ ದಂಡೆಯುದ್ದಕ್ಕೂ ಅದು ಹಬ್ಬಿತು. ಮುಧೋಳ ತಾಲ್ಲೂಕಿನ ಲೋಕಾಪುರ ಅದರ ಗಟ್ಟಿ ನೆಲೆಗಳಲ್ಲಿ ಒಂದು. ಪದಗಳು ರಾಗದ ಮೇಲೆ ನಿಂತವು, ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ, ತಾಳ. ಸತ್ಯಭಾಮೆಯ ಸಿಟ್ಟು ತಾಸುಗಟ್ಟಲೆ ಹಾಡಾಗುವಾಗ ನಡುವೆ ಹಾಸ್ಯಕ್ಕೆ ದೂತಿ ಇದ್ದಾಳೆ; ಅವಳ ಬಾಯಲ್ಲಿ ದ್ವಾರಕೆಯ ಅರಮನೆಗೂ ಅಪ್ಪಟ ನಮ್ಮೂರ ಮಾತೇ. ಹೆಣ್ಣು ಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದ ಈ ರಂಗದಲ್ಲಿ ಕೌಜಲಗಿ ನಿಂಗಮ್ಮ ಹೆಸರು ಗಳಿಸಿದಳು. ಮುಂದೆ ಕೂರುವ ಮುದುಕರಿಗೆ ಪದಗಳೆಲ್ಲ ಬಾಯಿಪಾಠ. ಹಾಡುವವನು ನುಡಿ ಹಾರಿಸಿದರೆ ಅಲ್ಲಿಂದಲೇ ಕೂಗು ಬರುತ್ತಿತ್ತು.

ಇನ್ನೊಂದು ಸಂಗೀತ ಬಂದದ್ದು ಅರಮನೆಯ ದಾರಿಯಿಂದ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳ ಸಾಂಗಲಿಯಲ್ಲಿ ಆಡಿತು. ಅದನ್ನು ಕಂಡ ಅಲ್ಲಿನ ದೊರೆ ಪಟವರ್ಧನರ ಆಶಯದಂತೆ 1843ರಲ್ಲಿ ವಿಷ್ಣುದಾಸ ಭಾವೆ ಮರಾಠಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಜಮಖಂಡಿಯನ್ನು ಆಳಿದವರೂ ಅದೇ ಪಟವರ್ಧನ ಮನೆತನದವರು. 1880ರಲ್ಲಿ ಸವದತ್ತಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ಸಂಗೀತ ನಾಟಕಕ್ಕೆ ಚಾಲನೆ ಕೊಟ್ಟರು. ಕನ್ನಡದ ಮೇಳ ನೋಡಿ ಹುಟ್ಟಿದ್ದು ಕಂದ, ಸಾಕಿ ಎಂಬ ಪದ್ಯಗಳ ಜತೆ ಮರಾಠಿ ಕಂಪನಿಗಳಾಗಿ ಕನ್ನಡ ನಾಡಿಗೇ ಮರಳಿತು. ಮರಾಠಿ ಕಂಪನಿಗಳಿಗೆ ಎದುರಾಗಿ ಗದಗಿನಲ್ಲಿ ಶಾಂತಕವಿಗಳು ಅದಾಗಲೇ ಕನ್ನಡ ನಾಟಕ ಕಟ್ಟಿದ್ದರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂಥವು ಆಮೇಲೆ ಬಂದವು. ಜಾತ್ರೆ ಇದ್ದಲ್ಲಿ ಕಂಪನಿ ಟೆಂಟು, ಟೆಂಟಿನ ಸುತ್ತ ಬಂಡಿಗಳು.

ಈ ಗಾಳಿಯಲ್ಲೇ ಬೀಳಗಿಯ ಅಕ್ಕತಂಗಿಯರಿಬ್ಬರು ಬೆಳೆದರು. ಗೋಹರಬಾಯಿ ಮರಾಠಿ ನಟ ಬಾಲಗಂಧರ್ವರ ರಂಗಕ್ಕೂ ಬಾಳಿಗೂ ಜತೆಯಾದರು. ಅಮೀರಬಾಯಿ ಮುಂಬೈ ಸೇರಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. ಇಬ್ಬರೂ ಹೆಸರಿನ ಮುಂದೆ ‘ಕರ್ನಾಟಕಿ’ ಎಂದೇ ಇಟ್ಟುಕೊಂಡರು. ಅಮೀರಬಾಯಿಯ ಬದುಕನ್ನು ರಹಮತ್ ತರೀಕೆರೆ ಕನ್ನಡದಲ್ಲಿ ಪುಸ್ತಕವಾಗಿಸಿದ್ದಾರೆ.

ಯಲ್ಲಮ್ಮನ ಗುಡ್ಡದ ಸಂಗೀತ ಬೇರೆಯೇ. ಹೋಳಿಗೆ, ಕಡಬು ಮಾಡಿ ನೈವೇದ್ಯದ ಪಡ್ಡಲಗಿ ತುಂಬಿಸುವ ಬಿಡಾರಗಳ ನಡುವೆ ಜೋಗತಿಯರ ಚೌಡಿಕೆ ವಾದ್ಯ ರಾತ್ರಿಯೆಲ್ಲ ಮೊಳಗುತ್ತಿತ್ತು. ಕೇಳುವವರಿಗೆ ಅದು ಸುಖ. ಹಾಡುವವರಲ್ಲಿ ಎಷ್ಟೋ ಮಂದಿ ಚಿಕ್ಕಂದಿನಲ್ಲೇ ಮುತ್ತು ಕಟ್ಟಿಸಿಕೊಂಡವರು. ಕರ್ನಾಟಕ 1982ರಲ್ಲಿ ಈ ದೇವದಾಸಿ ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿತು. ಜಾತ್ರೆಯ ಸೊಗಸನ್ನು ಬಣ್ಣಿಸುವ ಬರಹಗಳು ಈ ಲೆಕ್ಕವನ್ನು ಬಿಟ್ಟುಬಿಡುವುದೇ ಹೆಚ್ಚು.

ರಬಕವಿ-ಬನಹಟ್ಟಿಯ ನೇಕಾರರಿಗೆ ಹೊಲದ ಬಿಡುವಿರಲಿಲ್ಲ. ಮಗ್ಗ ನಿಂತರೆ ಅಂದಿನ ಕೂಲಿಯೂ ನಿಂತಿತು. ಆದರೂ ಬನಶಂಕರಿ ದೇವಾಂಗರ ಕುಲದೇವತೆ. ಬನದ ಹುಣ್ಣಿಮೆಗೆ ಮನೆಯಿಂದ ಯಾರಾದರೂ ಹೋಗಲೇಬೇಕು. ಮಗ್ಗದ ಗುಂಡಿಯಿಂದ ಎದ್ದ ಹಿರಿಯರಿಗೆ ಆ ಸರದಿ ಸಲೀಸಾಗಿ ಬರುತ್ತಿತ್ತು.

1948ರ ಮಾರ್ಚ್‌ನಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬೈ ಪ್ರಾಂತಕ್ಕೆ ಸೇರಿದವು. ಬಸ್ಸು ಬಂತು, ಆಮೇಲೆ ಟ್ರ್ಯಾಕ್ಟರು. ಟ್ರ್ಯಾಲಿಗೆ ತಾಡಪಾಲು ಕಟ್ಟಿಕೊಂಡು ಗುಡ್ಡಕ್ಕೆ ಹೋಗುವವರು ಇಂದೂ ಇದ್ದಾರೆ. ಆದರೆ ಹೆಚ್ಚಿನವರು ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರುತ್ತಾರೆ. ಪಾರಿಜಾತದ ಮೇಳಗಳೂ ಉತ್ಸವದ ವೇದಿಕೆಯಲ್ಲಿ ಒಂದೆರಡು ತಾಸಿಗೆ ಕಥೆ ಮುಗಿಸಲು ಕಲಿತಿವೆ. ಸತ್ಯಭಾಮೆ ಈಗ ಬೇಗ ಸಮಾಧಾನಗೊಳ್ಳುತ್ತಾಳೆ.

ಬನಶಂಕರಿಯಲ್ಲಿ ಮಾತ್ರ ಕಂಪನಿಗಳು ಇನ್ನೂ ಸಾಲಾಗಿ ಟೆಂಟು ಹೊಡೆಯುತ್ತವೆ. ದಿನಕ್ಕೆ ಎರಡು-ಮೂರು ಪ್ರಯೋಗ. ರಂಗಗೀತೆಗಿಂತ ದ್ವಂದ್ವಾರ್ಥದ ಮಾತಿಗೆ ಶಿಳ್ಳೆ ಜಾಸ್ತಿ ಎಂದು ಹಳಬರು ಗೊಣಗುತ್ತಾರೆ; ಗೊಣಗಿದವರೇ ಸಂಜೆ ಟಿಕೀಟು ತೆಗೆಸುತ್ತಾರೆ. ಈ ಒಂದು ತಿಂಗಳ ಗಲ್ಲೆಯ ಮೇಲೆಯೇ ಎಷ್ಟೋ ಕಂಪನಿಗಳು ವರ್ಷ ತಳ್ಳುತ್ತವೆ. ಕೋವಿಡ್ ಕಾಲದಲ್ಲಿ ಜಾತ್ರೆಗೆ ತಡೆ ಬಿದ್ದಾಗ ಕಲಾವಿದರು ಸಾಲ ಮಾಡಿ ದಿನ ನೂಕಬೇಕಾಯಿತು.