ಕೊಯ್ಲಿಗೂ ಕೂರಿಗೆಗೂ ನಡುವೆ: ಐದು ತಾಲ್ಲೂಕುಗಳ ಜಾತ್ರೆ ಬಂಡಿ

ಮಾಘದ ಹುಣ್ಣಿಮೆಯಿಂದ ವೈಶಾಖದವರೆಗೆ ಎತ್ತಿನ ಬಂಡಿ ಕಟ್ಟಿಕೊಂಡು ಜಾತ್ರೆಗಳಿಗೆ ಹೋಗುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯ ಹಳೆಯ ರೂಢಿ. ಈ ಐದೂ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿವೆ. ಅದಕ್ಕೂ ಹಿಂದೆ ಈ ಸೀಮೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು, 1953ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಹರಪನಹಳ್ಳಿ 1997ರಿಂದ ಸುಮಾರು ಎರಡು ದಶಕ ದಾವಣಗೆರೆ ಜಿಲ್ಲೆಯಲ್ಲಿತ್ತು. ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕಿನ ಭಾಗವಾಗಿತ್ತು. ಗಡಿಗಳು ಹೀಗೆ ಹಲವು ಸಲ ಸರಿದಾಡಿದರೂ ಜಾತ್ರೆಯ ತಿಥಿ ಸರಿಯಲಿಲ್ಲ. ಏಕೆಂದರೆ ಅದು ಮಳೆಬೇಸಾಯದ ಪಂಚಾಂಗಕ್ಕೆ ಹೊಂದಿಕೊಂಡು ಬೆಳೆದದ್ದು.

ಕೂಡ್ಲಿಗಿ ಕಡೆಯ ಮಸಾರಿ ಹೊಲಗಳಲ್ಲಿ ಶೇಂಗಾ, ಸಜ್ಜೆ, ನವಣೆಯ ಸುಗ್ಗಿ ಕಾರ್ತಿಕದ ಹೊತ್ತಿಗೆ ಮುಗಿಯುತ್ತದೆ. ಎರೆ ಹೊಲಗಳ ಹಿಂಗಾರಿ ಜೋಳ, ಕಡಲೆ, ಕುಸುಬೆ ಮಾಘದಲ್ಲಿ ಕೊಯ್ಲಿಗೆ ಬರುತ್ತವೆ. ಕಣದ ರಾಶಿ ಹಗೇವು ಸೇರಿದ ಮೇಲೆ ರೋಹಿಣಿ, ಮೃಗಶಿರಾ ಮಳೆ ಬೀಳುವವರೆಗೆ ಎತ್ತುಗಳಿಗೆ ಹೆಚ್ಚು ಕೆಲಸವಿಲ್ಲ. ಮನೆಯೊಳಗಾದರೋ ಇದೇ ಕಾಲದಲ್ಲಿ ಕೈಬಿಡುವಿಲ್ಲ. ಬಿಸಿಲು ಕಾದಷ್ಟು ದಿನ ಶಾವಿಗೆ ಹೊಸೆಯಬೇಕು, ಹಪ್ಪಳ ಸಂಡಿಗೆ ಒಣಗಿಸಬೇಕು, ಮೆಣಸಿನಕಾಯಿ ಕುಟ್ಟಿ ಇಡಬೇಕು, ಹುಣಸೆಹಣ್ಣಿನ ಬೀಜ ಬಿಡಿಸಬೇಕು. ಮಾಳಿಗೆಗೆ ಮಳೆಗಾಲಕ್ಕೆ ಮುನ್ನ ಮಣ್ಣು ಹಾಕಬೇಕು. ಯುಗಾದಿ ಕಳೆದರೆ ಮದುವೆಗಳ ಸಾಲು. ಹಡಗಲಿ ಮಲ್ಲಿಗೆ ದಂಡಿಯಾಗಿ ಅರಳುವುದೂ ಈ ತಿಂಗಳುಗಳಲ್ಲೇ. ಭೌಗೋಳಿಕ ಸೂಚಕ ಪಡೆದ ಈ ಹೂವಿನ ತೋಟಗಳಿದ್ದ ಮನೆಗಳಿಗೆ ಮೊಗ್ಗು ಬಿಡಿಸುವ ಕೆಲಸವೂ ಜೊತೆಗೂಡುತ್ತಿತ್ತು. ಎತ್ತಿಗೆ ಬಿಡುವು, ಮನೆಗೆ ಗದ್ದಲ: ಜಾತ್ರೆಯ ಪಯಣ ಹುಟ್ಟಿದ್ದು ಈ ಸಂದಿನಲ್ಲಿ.

ಸರಣಿಯ ಮೊದಲ ದೊಡ್ಡ ಕೂಟ ಹೂವಿನಹಡಗಲಿ ತಾಲ್ಲೂಕಿನ ಮೈಲಾರ. ಭರತ ಹುಣ್ಣಿಮೆಯ ಬಳಿಕ ಡೆಂಕನ ಮರಡಿಯಲ್ಲಿ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗಿ, ಒಂದೇ ಸಾಲಿನ ಕಾರ್ಣಿಕ ನುಡಿದು ಕೆಳಗೆ ಬೀಳುತ್ತಾನೆ. ಆ ನುಡಿಯಿಂದ ಮುಂದಿನ ಮಳೆ ಬೆಳೆಯನ್ನು ಊಹಿಸುವುದು ರೈತರ ರೂಢಿ. ಮಾಘ ಬಹುಳದಲ್ಲಿ ಕೊಟ್ಟೂರಿನ ಗುರುಬಸವೇಶ್ವರನ ತೇರು. ಜನರ ಬಾಯಲ್ಲಿ ಕೊಟ್ಟೂರೇಶ್ವರನಾದ ಈತ ಈ ಭಾಗದ ಪಂಚಗಣಾಧೀಶ್ವರರಲ್ಲಿ ಒಬ್ಬ. ಶಿವರಾತ್ರಿಯ ಸುಮಾರಿಗೆ ತುಂಗಭದ್ರೆಯ ದಂಡೆಯ ಕುರುವತ್ತಿಯಲ್ಲಿ ಮಲ್ಲಿಕಾರ್ಜುನನ ಜಾತ್ರೆ. ಅಲ್ಲಿನ ಗುಡಿ ಕಲ್ಯಾಣ ಚಾಲುಕ್ಯರ ಕಾಲದ ಮದನಿಕೆಗಳಿಗೆ ಹೆಸರಾಗಿದೆ. ಯುಗಾದಿಗೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ, ಚೈತ್ರದ ಹುಣ್ಣಿಮೆಗೆ ಹಂಪಿಯ ವಿರೂಪಾಕ್ಷನ ತೇರು, ವೈಶಾಖದಲ್ಲಿ ಉಜ್ಜಿನಿ.

ಪಯಣಕ್ಕೆ ಬಂಡಿ ಸಿದ್ಧವಾಗುವುದೇ ಒಂದು ಕಸುಬು. ಕೀಲಿಗೆ ಎಣ್ಣೆ ಹಾಕಿ, ಬಿದಿರಿನ ಕಮಾನು ಬಾಗಿಸಿ, ಮೇಲೆ ಚಾಪೆ ಅಥವಾ ಜಮಖಾನ ಹೊದಿಸಿದರೆ ಅದು ಕೊಲ್ಲಾರಿ ಬಂಡಿ. ತಳಕ್ಕೆ ಜೋಳದ ಸೊಪ್ಪೆ ಹರಡುತ್ತಿದ್ದರು. ಹೋಗುವಾಗ ಅದು ಮಕ್ಕಳಿಗೆ ಮೆತ್ತೆ, ಬಿಡಾರದಲ್ಲಿ ಎತ್ತಿಗೆ ಮೇವು. ಎತ್ತಿನ ಕೊರಳಿಗೆ ಗೆಜ್ಜೆಸರ, ಕೊಂಬಿಗೆ ಕೊಂಬಣಸು. ಬುತ್ತಿಯ ಗಂಟಿನಲ್ಲಿ ಕೆಡದೆ ಉಳಿಯುವ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಬಿಸಿಲಿಗೆ ಎತ್ತು ಬಳಲದಂತೆ ರಾತ್ರಿ ನಡೆದು, ಹೊತ್ತೇರಿದಾಗ ಕೆರೆ ದಂಡೆಯ ಮರದಡಿ ಬಂಡಿ ಬಿಡುತ್ತಿದ್ದರು.

ಬಂಡಿಗಳು ಊರೂರಿಂದ ಸಾಲುಗಟ್ಟಿ ಹೊರಡುತ್ತಿದ್ದುದರಿಂದ ಬಿಡಾರಗಳು ಭೇಟಿಯ ಜಾಗಗಳಾದವು. ಬೇರೆ ಬೇರೆ ಊರಿಗೆ ಮದುವೆಯಾಗಿ ಹೋದ ಗೆಳತಿಯರಿಗೆ, ತವರಿನಾಚೆ ಒಬ್ಬರನ್ನೊಬ್ಬರು ಕಾಣಲು ವರ್ಷಕ್ಕೊಮ್ಮೆ ಒದಗುವ ಎಡೆ ಜಾತ್ರೆಯೇ. ದನಗಳ ಪರಿಷೆಯಲ್ಲಿ ಪರಿಚಯವಾದ ಗೆಣೆಕಾರರು ಮರುವರ್ಷ ಅದೇ ಮರದಡಿ ಬಂಡಿ ಬಿಡುತ್ತಿದ್ದರು. ಹೆಣ್ಣು ನೋಡುವ ಮಾತು, ಸಾಲದ ಲೆಕ್ಕ, ಮುನಿದ ದಾಯಾದಿಗಳ ರಾಜಿ ಇವೂ ತೇರಿನ ಮೈದಾನದಲ್ಲೇ ನಡೆಯುತ್ತಿದ್ದವು. ರಾತ್ರಿ ಬಯಲಾಟ, ಮುಂದೆ ಕಂಪನಿ ನಾಟಕಗಳ ಡೇರೆ.

ಜಾತ್ರೆಗೆ ಕತ್ತಲ ಮಗ್ಗುಲೂ ಇತ್ತು. ಉಚ್ಚಂಗಿದುರ್ಗದಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವ ಪದ್ಧತಿ ಬಹುಕಾಲ ನಡೆಯಿತು. ಅದರ ಭಾರ ಬಿದ್ದದ್ದು ಹೆಚ್ಚಾಗಿ ಬಡ ದಲಿತ ಕುಟುಂಬಗಳ ಮೇಲೆ. 1947ರ ಮದರಾಸು ಕಾಯಿದೆಯೂ 1982ರ ಕರ್ನಾಟಕ ಕಾಯಿದೆಯೂ ಅದನ್ನು ಅಪರಾಧವೆಂದವು. ಹುಣ್ಣಿಮೆಯ ದಿನಗಳಲ್ಲಿ ಅಲ್ಲಿ ಕಾವಲು ಹಾಕುವುದು ಅದರಿಂದ ಬಂದ ಕ್ರಮ.

ವಸಂತದ ಕೊನೆಯ ಕೂಟವಾದ ಉಜ್ಜಿನಿ ಇಂದು ಕೊಟ್ಟೂರು ತಾಲ್ಲೂಕಿನಲ್ಲಿದೆ. ವೀರಶೈವ ಪಂಚಪೀಠಗಳಲ್ಲಿ ಒಂದು ಇಲ್ಲಿಯದು. ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬ ಗಾದೆ ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆಯನ್ನು ಕುರಿತದ್ದು. ತೇರು ಎಳೆದ ಮೇಲೆ ಇಲ್ಲಿ ಶಿಖರ ತೈಲಾಭಿಷೇಕ ನಡೆಯುತ್ತದೆ. ಮೂರ್ತಿಗೆ ಎಣ್ಣೆ ಎರೆಯುವುದು ಎಲ್ಲೆಡೆ ಇದೆ. ಇಲ್ಲಿ ಗುಡಿಯ ಶಿಖರವೇ ಎಣ್ಣೆಯಲ್ಲಿ ಮೀಯುತ್ತದೆ. ಕೂಡ್ಲಿಗಿ ತಾಲ್ಲೂಕಿನ ಜರಿಮಲೆಯ ಪಾಳೆಯಗಾರ ಮನೆತನದಿಂದ ಎಣ್ಣೆ ಬರುವುದು ವಾಡಿಕೆ. ಜೊತೆಗೆ ಭಕ್ತರು ಕೊಡಗಳಲ್ಲಿ ತಂದ ಎಣ್ಣೆಯೂ ಸೇರುತ್ತದೆ. ಮೇಲೆ ಹತ್ತಿದವರು ಸುರಿದ ಎಣ್ಣೆ ಕಲ್ಲಿನ ಒಂದೊಂದು ಮೆಟ್ಟಿಲನ್ನೂ ಕಪ್ಪಗೆ ಹೊಳೆಸುತ್ತ ಇಳಿಯುತ್ತದೆ.

ಇಪ್ಪತ್ತನೆಯ ಶತಮಾನ ಈ ಪಯಣದ ಸಾಧನಗಳನ್ನು ಬದಲಿಸಿತು. ಅದರ ಮೊದಲ ದಶಕದಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೇಲೆ ಕೊಟ್ಟೂರಿಗೆ ಮೀಟರ್ ಗೇಜ್ ರೈಲು ಬಂತು. 1945ರಲ್ಲಿ ಕೆಲಸ ಆರಂಭವಾದ ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರಲ್ಲಿ ನೀರು ನಿಂತಾಗ, ಹಿನ್ನೀರಿನಲ್ಲಿ ಊರು ಕಳೆದುಕೊಂಡವರು ಚದುರಿ ನೆಲೆಸಿದರು. ಚದುರಿದವರಿಗೆ ಜಾತ್ರೆ ಹಳೆಯ ನೆರೆಹೊರೆಯನ್ನು ಮತ್ತೆ ಕಾಣುವ ನೆಪವಾಯಿತು. ಆಮೇಲೆ ಬಸ್ಸು, ಟ್ರ್ಯಾಕ್ಟರ್. ಬರದ ವರ್ಷಗಳಲ್ಲಿ ಬೆಂಗಳೂರಿಗೂ ಮಲೆನಾಡಿನ ಕಾಫಿ ತೋಟಗಳಿಗೂ ಗುಳೆ ಹೋದವರು ಊರಿಗೆ ಮರಳುವ ದಿನವನ್ನು ಯುಗಾದಿಗೋ ತೇರಿಗೋ ಹೊಂದಿಸಿಕೊಳ್ಳತೊಡಗಿದರು. ನಡಿಗೆ ಮಾತ್ರ ಉಳಿಯಿತು: ದಾವಣಗೆರೆ ಕಡೆಯಿಂದ ಗೆಳೆಯರ ಗುಂಪುಗಳು ಇಂದಿಗೂ ಕೊಟ್ಟೂರಿಗೆ ಪಾದಯಾತ್ರೆ ಬರುತ್ತವೆ, ದಾರಿಯ ಹಳ್ಳಿಗಳವರು ಮಜ್ಜಿಗೆ, ಊಟ ಕೊಡುತ್ತಾರೆ. 2017ರ ಫೆಬ್ರುವರಿ 21ರಂದು ಕೊಟ್ಟೂರಿನ ತೇರು ನಡುಬೀದಿಯಲ್ಲಿ ಉರುಳಿಬಿದ್ದಿತು. ಹೊಸ ತೇರು ಕಟ್ಟಿ ಉತ್ಸವ ಮುಂದುವರಿಸಲಾಯಿತು.

ಜ್ಯೇಷ್ಠದ ಕಾರ ಹುಣ್ಣಿಮೆಗೆ ಈ ಬಿಡುವು ಮುಗಿಯುತ್ತದೆ. ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕರಿ ಹರಿಯುತ್ತಾರೆ. ಬಂಡಿಯಿದ್ದ ಮನೆಗಳಲ್ಲಿ ಆ ಹೊತ್ತಿಗೆ ಕಮಾನು ಬಿಚ್ಚಿ ಅಟ್ಟ ಸೇರಿರುತ್ತಿತ್ತು. ನೆಲ ಹದವಾದೊಡನೆ ಅದೇ ಎತ್ತುಗಳು ಕೂರಿಗೆಗೆ ಹೂಡಿಕೊಳ್ಳುತ್ತಿದ್ದವು.