ಆನೆಯ ಕಾಸು

ಚರಿತ್ರೆಯೆಂದೊಡನೆ ಅರಸರ ವಂಶಾವಳಿಯೂ ಯುದ್ಧಗಳ ವರುಷಗಳೂ ಶಾಸನಗಳ ಪಾಠಗಳೂ ನಮ್ಮ ನೆನಪಿಗೆ ಬರುತ್ತವೆ. ಶಾಸನವನ್ನು ಬರೆಯಿಸಿದವನು ದಾನ ಮಾಡುವಷ್ಟು ಉಳ್ಳವನು. ಬಖೈರನ್ನು ಬರೆಯಿಸಿದವನು ಅಧಿಕಾರದಲ್ಲಿದ್ದವನು. ಸಂತೆಯಲ್ಲಿ ಒಂದು ಸೇರು ಉಪ್ಪಿಗೋ ಒಂದು ಕಟ್ಟು ಎಲೆಗೋ ದುಡ್ಡು ತೆತ್ತು ಮನೆಗೆ ಹಿಂದಿರುಗಿದ ಜನರು ತಮ್ಮ ವಿಷಯವಾಗಿ ಏನನ್ನೂ ಬರೆಯಿಸಲಿಲ್ಲ. ಅವರ ಕೈಯಿಂದ ಕೈಗೆ ಸಾಗಿ, ಸವೆದು, ಕೊನೆಗೆ ಮಣ್ಣಿಗೆ ಬಿದ್ದ ತಾಮ್ರದ ಕಾಸೇ ಅವರು ಬಿಟ್ಟುಹೋದ ಶಾಸನ. ಈ ಶಾಸನಗಳನ್ನು ನಮ್ಮ ಸೀಮೆಯಲ್ಲಿ ಪಂಡಿತರಿಗಿಂತ ಹೆಚ್ಚಾಗಿ ಆರಿಸಿದವರು ಮಕ್ಕಳು. ಅವರು ಉಳಿಸಿದ್ದೆಷ್ಟು, ಅರಿಯದೆ ಕಳೆದದ್ದೆಷ್ಟು ಎಂಬುದನ್ನು ಕುರಿತು ಎರಡು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ಭಾರತ ಸರ್ಕಾರವು 1957ನೆಯ ಏಪ್ರಿಲ್ 1ರಂದು ನಯಾಪೈಸೆಯ ಪದ್ಧತಿಯನ್ನು ಜಾರಿಗೆ ತಂದಾಗ ನಾನು ಶ್ರೀರಂಗಪಟ್ಟಣದ ಕೋಟೆಯೊಳಗೆ ಬೆಳೆಯುತ್ತಿದ್ದ ಹುಡುಗ. ಆಣೆ, ಪಾವಲಿ, ತೂತಿನ ಕಾಸು ಮೊದಲಾದುವು ಮೆಲ್ಲಮೆಲ್ಲನೆ ವ್ಯವಹಾರದಿಂದ ಹಿಂದೆ ಸರಿದು ಮಕ್ಕಳ ಕೈಗೆ ಬಂದುವು. ಆದರೆ ನಮ್ಮ ಗುಂಪಿನಲ್ಲಿ ಅವಕ್ಕೆ ಅಷ್ಟಾಗಿ ಮರ್ಯಾದೆ ಇರಲಿಲ್ಲ. ನಾವು ಕಾಯುತ್ತಿದ್ದುದು ಮುಂಗಾರಿನ ಮೊದಲ ಮಳೆಗಳನ್ನು. ಮಳೆಗೆ ಕೋಟೆಯ ದಿಬ್ಬಗಳ ಮಣ್ಣು ಕೊಚ್ಚಿಹೋಗಿ, ಬೆಳಗಾಗುವಷ್ಟರಲ್ಲಿ ಹಸುರು ಕಿಲುಬು ಹಿಡಿದ ಬಿಲ್ಲೆಗಳೂ ಸೀಸದ ಗುಂಡುಗಳೂ ಅಲ್ಲಲ್ಲಿ ತಲೆಯೆತ್ತಿರುತ್ತಿದ್ದುವು. ಬೇಸಗೆಯಲ್ಲಿ ಕಾವೇರಿ ಬತ್ತಿದಾಗ ಮಡುಗಳ ಅಂಚಿನಲ್ಲಿಯೂ ಹುಡುಕುತ್ತಿದ್ದೆವು. ದೊರೆತುದನ್ನು ನಶ್ಯದ ಡಬ್ಬಿಯಲ್ಲಿ ತುಂಬಿ ಮಾಡುವಿನಲ್ಲಿ ಬಚ್ಚಿಡುವುದು ಪದ್ಧತಿ. “ಸತ್ತವರ ದುಡ್ಡು, ಮನೆಯೊಳಕ್ಕೆ ತರಬೇಡವೋ” ಎಂದು ಅಜ್ಜಿ ಗದರಿಸಿದರೆ, “ಆಗಲಿ ಅಜ್ಜಿ” ಎಂದು ಹೇಳಿ ಡಬ್ಬಿಯ ಸ್ಥಳವನ್ನು ಮಾತ್ರ ಬದಲಾಯಿಸುತ್ತಿದ್ದೆವು.

ಇಂಥ ಗೀಳು ನಮ್ಮೂರಿನ ಹುಡುಗರಿಗೆ ಮಾತ್ರ ಅಂಟಿದ್ದಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಚೆಂಡಾಟದ ಆಟಗಾರರ ಚಿತ್ರವಿರುವ ಸಣ್ಣ ರಟ್ಟಿನ ಚೀಟಿಗಳು 1880ರ ದಶಕದಿಂದಲೂ ಸಿಗರೇಟಿನ ಪೆಟ್ಟಿಗೆಗಳಲ್ಲಿಯೂ, ಅನಂತರ ಜಗಿಯುವ ಅಂಟಿನ ಪೊಟ್ಟಣಗಳಲ್ಲಿಯೂ ದೊರೆಯುತ್ತಿದ್ದುವು. ಅಲ್ಲಿನ ಬಾಲಕರು ಅವನ್ನು ಅಂಕಿಯ ಕ್ರಮದಲ್ಲಿ ಜೋಡಿಸಿ, ಇಲ್ಲದುದನ್ನು ಗೆಳೆಯರೊಡನೆ ಬದಲಾಯಿಸಿಕೊಂಡು, ಪಾದರಕ್ಷೆಯ ಪೆಟ್ಟಿಗೆಗಳಲ್ಲಿ ಕೂಡಿಡುತ್ತಿದ್ದರು. ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟ ಮೇಲೆ ತಾಯಂದಿರು ಅವನ್ನು ಕಸವೆಂದು ಎಸೆದರೆಂಬುದು ಆ ದೇಶದಲ್ಲಿ ಮನೆಮನೆಯ ಮಾತು. 1909ರಿಂದ 1911ರವರೆಗೆ ಅಚ್ಚಾದ ಒಂದು ಮಾಲೆಯಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಚೀಟಿಯೊಂದು 2021ರಲ್ಲಿ 66 ಲಕ್ಷ ಡಾಲರುಗಳಿಗೆ ಹರಾಜಾಯಿತು. ಆ ಚೀಟಿಯಲ್ಲಾದರೋ ಆಟಗಾರನ ಹೆಸರೂ ಅವನ ತಂಡದ ಹೆಸರೂ ಅಚ್ಚಾಗಿರುತ್ತವೆ. ನಮ್ಮ ಕಾಸಿನ ಸ್ಥಿತಿ ಹಾಗಲ್ಲ. ಅದು ಎಲ್ಲಿ ದೊರೆಯಿತೆಂಬ ಸಂಗತಿ ಅದರ ಮೇಲೆ ಅಚ್ಚಾಗಿರುವುದಿಲ್ಲ. ಎತ್ತಿಕೊಂಡವನು ಹೇಳಿದರೆ ಉಂಟು, ಮರೆತರೆ ಇಲ್ಲ.

ನಮ್ಮ ಸಂಗ್ರಹಕ್ಕೂ ಒಂದು ಶಾಸ್ತ್ರವಿದ್ದಿತು. ಆನೆಯ ಮೇಲ್ಗಡೆ ಸೂರ್ಯಚಂದ್ರರೂ ‘ಶ್ರೀ’ಕಾರವೂ ಇದ್ದರೆ ಅದು ‘ಅರಸರ ಕಾಸು’. ಅವಿಲ್ಲದೆ ಹಿಂಬದಿಯಲ್ಲಿ ಪಾರಸಿ ಅಕ್ಷರವಿದ್ದರೆ ‘ಟಿಪ್ಪುವಿನ ಕಾಸು’. ಬೆನ್ನ ಹಿಂದೆ ಬಾವುಟವಿರುವ ದೊಡ್ಡ ಆನೆಗೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ. ಇವಲ್ಲದೆ, ಒಂದು ಕಡೆ ಕನ್ನಡದ ಅಂಕಿಯೂ ಇನ್ನೊಂದು ಕಡೆ ಅಡ್ಡಗೀಟು ಉದ್ದಗೀಟುಗಳ ಚೌಕಳಿಯೂ ಇರುವ ಸಣ್ಣ ಕಾಸುಗಳು ದೊರೆಯುತ್ತಿದ್ದುವು. ಒಂದರಿಂದ ಮೂವತ್ತರವರೆಗೆ ಅಂಕಿಗಳನ್ನು ಪೂರಯಿಸಬೇಕೆಂಬುದು ಪ್ರತಿಯೊಬ್ಬನ ಛಲ. ನನಗೆ ಹನ್ನೊಂದು ಅಂಕಿಗಳಿಗಿಂತ ಹೆಚ್ಚು ದೊರೆಯಲಿಲ್ಲ. ಈ ಅಂಕಿಗಳು ಅರಸರ ಆಳಿಕೆಯ ವರುಷಗಳೋ ಅಥವಾ ಬೇರೆ ಯಾವ ಗುರುತೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲವೆಂದು ತಿಳಿದಾಗ ನನಗೆ ನರೆ ಬಂದಿದ್ದಿತು.

ಇನ್ನು ಈ ನಾಣ್ಯಗಳ ಪೂರ್ವೋತ್ತರವನ್ನು ಸಂಕ್ಷೇಪವಾಗಿ ಹೇಳಬೇಕು. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಟಂಕಸಾಲೆಯನ್ನು ಸ್ಥಾಪಿಸಿ ಕಂಠೀರಾಯಿ ಹಣವನ್ನು ಹೊಡೆಯಿಸಿದರು. ನರಸಿಂಹನ ಮೂರ್ತಿಯಿರುವ ಈ ಚಿನ್ನದ ಹಣವು ಬೆರಳ ತುದಿಗೆ ಅಂಟಿಕೊಳ್ಳುವಷ್ಟು ಸಣ್ಣದು; ಹತ್ತು ಹಣಕ್ಕೆ ಒಂದು ವರಹವೆಂಬುದು ಲೆಕ್ಕ. ಹೈದರಾಲಿಯು 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಇಕ್ಕೇರಿಯ ವರಹದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಒತ್ತಿಸಿದನು. ಜನರು ನಂಬಿದ ನಾಣ್ಯವನ್ನು ಕೆಡಿಸಬಾರದೆಂಬ ವ್ಯವಹಾರಜ್ಞಾನ ಅವನಿಗಿದ್ದಿತು. ಆನೆಯು ಅವನ ತಾಮ್ರದ ಪೈಸೆಯ ಮೇಲೆ ಬಂದುದು ಹಿಜರಿ 1195ರಲ್ಲಿ, ಎಂದರೆ ಕ್ರಿ. ಶ. 1780-81ರಲ್ಲಿ. ಅವನು 1782ರ ಡಿಸೆಂಬರಿನಲ್ಲಿ ತೀರಿಕೊಂಡನು.

ಮಗನಾದ ಟಿಪ್ಪು ಸುಲ್ತಾನನು ಆನೆಯನ್ನು ಬಿಡಲಿಲ್ಲ. ಉಳಿದುದನ್ನೆಲ್ಲ ಹೊಸದಾಗಿ ಕಟ್ಟಿದನು. ಪಟ್ಟಣವೇ ಅಲ್ಲದೆ ನಗರ, ಬೆಂಗಳೂರು, ಚಿತ್ರದುರ್ಗ, ಗುತ್ತಿ, ದಿಂಡಿಗಲ್, ಕಲ್ಲಿಕೋಟೆ ಮುಂತಾದ ಕಡೆಗಳಲ್ಲಿ ಟಂಕಸಾಲೆಗಳು ನಡೆದುವು. ಸುಮಾರು 11 ಗ್ರಾಂ ತೂಗುವ ಪೈಸೆಗೆ ‘ಜೊಹ್ರಾ’, ಅದರ ಇಮ್ಮಡಿಯದಕ್ಕೆ ಮೊದಲು ‘ಉಸ್ಮಾನಿ’ ಆಮೇಲೆ ‘ಮುಷ್ತರಿ’, ಅರ್ಧಕ್ಕೆ ‘ಬಹ್ರಾಮ್’, ಕಾಲಿಗೆ ‘ಅಖ್ತರ್’, ಅರೆಕಾಲಿಗೆ ‘ಕುತ್ಬ್’ ಎಂದು ಹೆಸರುಗಳಾದುವು. ಜೊಹ್ರಾ ಎಂದರೆ ಶುಕ್ರ, ಮುಷ್ತರಿ ಎಂದರೆ ಗುರು, ಬಹ್ರಾಮ್ ಎಂದರೆ ಕುಜ, ಅಖ್ತರ್ ಎಂದರೆ ನಕ್ಷತ್ರ, ಕುತ್ಬ್ ಎಂದರೆ ಧ್ರುವ. ಸುಲ್ತಾನನು ಗ್ರಹಮಂಡಲವನ್ನೇ ಸಂತೆಗೆ ಇಳಿಸಿದನು. ಜನರು ಅದನ್ನೆಲ್ಲ ಒಟ್ಟಿಗೆ ‘ಆನೆ ಕಾಸು’ ಎಂದು ಕರೆದು ತಮ್ಮ ವ್ಯಾಪಾರವನ್ನು ನೋಡಿಕೊಂಡರು. 1787ರಿಂದ ಅವನು ಹಿಜರಿಯನ್ನು ಬಿಟ್ಟು ಮೌಲೂದಿ ಎಂಬ ಶಕವನ್ನು ನಾಣ್ಯಗಳ ಮೇಲೆ ನಡೆಸಿ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. 1216 ಎಂಬುದು ನಮ್ಮ ಕಣ್ಣಿಗೆ 6121 ಎಂದು ಕಾಣುತ್ತದೆ. ಪಾರಸಿ ಅಂಕಿಗಳನ್ನು ಬಲ್ಲ ಒಬ್ಬ ಮುದುಕರಿಂದ ಹೇಗೋ ಪಾಠ ಹೇಳಿಸಿಕೊಂಡು, ಆರು ಸಾವಿರ ವರುಷದ ಹಿಂದಿನ ದುಡ್ಡು ಸಿಕ್ಕಿತೆಂದು ನಾವು ಬೀದಿ ತುಂಬ ಸಾರಿದ್ದು ನೆನಪಿದೆ.

1799ನೆಯ ಮೇ 4ರಂದು ಪಟ್ಟಣವು ಬಿದ್ದಿತು. ಅಂದಿನ ರಾತ್ರಿಯ ಸುಲಿಗೆಯಲ್ಲಿ ಚಿನ್ನವೂ ಬೆಳ್ಳಿಯೂ ರತ್ನಗಳೂ ಸಿಪಾಯಿಗಳ ಪಾಲಾದುವು. ತಾಮ್ರವನ್ನು ಬಗ್ಗಿ ಎತ್ತುವಷ್ಟು ವ್ಯವಧಾನ ಯಾರಿಗಿದ್ದೀತು? ಬೆಲೆಯುಳ್ಳ ಲೋಹವು ಕರಗಿ ರೂಪಾಂತರವಾಯಿತು. ಬೆಲೆಯಿಲ್ಲದುದು ಮಣ್ಣಿನಲ್ಲಿ ಉಳಿದು ನಮ್ಮ ಕೈಸೇರಿತು. ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ಟಂಕಸಾಲೆಯಿಂದ ಸೂರ್ಯಚಂದ್ರರಿರುವ ಆನೆಯೂ, ಅನಂತರ ಸಿಂಹವೂ, ‘ಮಯಿಲಿ ಕಾಸು’ ಎಂಬ ಕನ್ನಡದ ಬರಹವೂ ಬಂದುವು. ಆ ಟಂಕಸಾಲೆಯು 1833ರಲ್ಲಿ ಬೆಂಗಳೂರಿಗೆ ಹೋಗಿ 1843ರಲ್ಲಿ ಮುಚ್ಚಿತು. ಕ್ಯಾಪ್ಟನ್ ಟಫ್ನೆಲ್ ಎಂಬ ಸೇನಾಧಿಕಾರಿಯು ದಕ್ಷಿಣ ಭಾರತದ ನಾಣ್ಯಸಂಗ್ರಾಹಕರಿಗೆ ಸೂಚನೆಗಳನ್ನು ಕೊಡುವ ಪುಸ್ತಕವನ್ನು 1889ರಲ್ಲಿಯೂ, ಹೆಂಡರ್ಸನ್ ಎಂಬವರು ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ವಿವರವಾದ ಪಟ್ಟಿಯನ್ನು 1921ರಲ್ಲಿಯೂ ಮದರಾಸಿನಲ್ಲಿ ಪ್ರಕಟಿಸಿದರು. ನಾವು ಮಳೆಯಲ್ಲಿ ನೆನೆದು ಕಲಿತ ‘ಶಾಸ್ತ್ರ’ವು ನಮಗೆ ತಿಳಿಯದಂತೆ ಆಗಲೇ ಗ್ರಂಥಸ್ಥವಾಗಿದ್ದಿತು.

ಆದರೆ ಯಾವ ಗ್ರಂಥವೂ ಹೇಳಲಾರದ ಒಂದು ಸಂಗತಿಯು ನನ್ನ ಕೈಯಲ್ಲಿದ್ದು ಜಾರಿಹೋಯಿತು. ನಮ್ಮ ಸೀಮೆಯು ಪಟ್ಟಣಕ್ಕೆ ಬರುವ ದಂಡುಗಳ ದಾರಿ. ಪಾಂಡವಪುರವು ಹಿಂದೆ ಹಿರೋಡೆ. ಹೈದರ್ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದುದರಿಂದ ಆಂಗ್ಲರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ನಾಗಮಂಗಲವನ್ನು 1792ರಲ್ಲಿ ಪರಶುರಾಮ ಭಾವೂವಿನ ಮರಾಠಾ ಸೈನ್ಯವು ಹಾಳುಗೆಡವಿತು. ಅದಕ್ಕೂ ಮೊದಲು, 1771ರ ಮಾರ್ಚಿಯಲ್ಲಿ, ಮೇಲುಕೋಟೆಯ ಕಡೆಯಿಂದ ಪಟ್ಟಣಕ್ಕೆ ಹಿಮ್ಮೆಟ್ಟುತ್ತಿದ್ದ ಹೈದರನ ಸೈನ್ಯವನ್ನು ತ್ರ್ಯಂಬಕರಾಯನ ಮರಾಠರು ಚಿನಕುರಳಿಯ ಬಳಿ ಮುರಿದರು. ಮೇಲುಕೋಟೆಯೂ ಆಗ ಸುಲಿಗೆಗೆ ತುತ್ತಾಯಿತು.

ಚಿನಕುರಳಿಯ ಕಡೆಯಿಂದ ಬಂದು ನನ್ನ ತರಗತಿಯಲ್ಲಿ ಓದುತ್ತಿದ್ದ ಗೆಳೆಯನೊಬ್ಬನು ಒಂದು ದಿನ ದಪ್ಪನೆಯ ತಾಮ್ರದ ಬಿಲ್ಲೆಯೊಂದನ್ನು ತಂದುಕೊಟ್ಟನು. “ನಮ್ಮಪ್ಪ ಹೊಲ ಉಳುವಾಗ ಸಿಕ್ಕಿತು ಕಣೋ, ಇಟ್ಟುಕೋ” ಎಂದನು. ಅದರಲ್ಲಿ ಆನೆಯಿರಲಿಲ್ಲ. ಎರಡು ಕಡೆಯೂ ಬಾಲಬೋಧ ಲಿಪಿಯ ಒರಟು ಅಕ್ಷರಗಳು ಸಾಲುಸಾಲಾಗಿದ್ದುವು. ಮೊದಲ ಸಾಲಿನ ‘ಶ್ರೀ’ ಮಾತ್ರ ನನಗೆ ಓದಲು ಬಂದಿತು. ಆನೆಯಿಲ್ಲದ ಕಾಸು ಯಾರಿಗೆ ಬೇಕು? ಕೃಷ್ಣರಾಜಪೇಟೆಯ ಬಳಿ ಹೇಮಗಿರಿಯಲ್ಲಿ ನಡೆಯುವ ದನಗಳ ಜಾತ್ರೆಗೆ ತಂದೆಯವರೊಡನೆ ಹೋಗಿದ್ದಾಗ, ಅಲ್ಲಿ ಸ್ನೇಹವಾದ ಒಬ್ಬ ಹುಡುಗನಿಗೆ ಅದನ್ನು ಕೊಟ್ಟು, ಚೌಕಳಿಯ ಹಿಂಬದಿಯ ‘ಏಳು’ ಅಂಕಿಯ ಕಾಸನ್ನು ಪಡೆದೆನು. ಒಳ್ಳೆಯ ವ್ಯಾಪಾರ ಮಾಡಿದೆನೆಂದು ಹಿಗ್ಗಿದೆನು. ನಾಲ್ವತ್ತು ವರುಷಗಳ ಮೇಲೆ, ಮರಾಠರ ‘ಶಿವರಾಯಿ’ ಪೈಸೆಯ ಚಿತ್ರವನ್ನು ಒಂದು ಪುಸ್ತಕದಲ್ಲಿ ನೋಡಿದಾಗ ಎದೆ ಧಸಕ್ಕೆಂದಿತು. ಒಂದು ಕಡೆ ‘ಶ್ರೀ ರಾಜಾ ಶಿವ’, ಇನ್ನೊಂದು ಕಡೆ ‘ಛತ್ರಪತಿ’: ಅದೇ ದಪ್ಪ, ಅದೇ ಒರಟು ಅಕ್ಷರ.

ಅದು 1771ರ ದಂಡಿನ ಸಿಪಾಯಿಯೊಬ್ಬನ ಸೊಂಟದಿಂದ ಬಿದ್ದುದೆಂದು ನಾನು ಸಾಧಿಸುವುದಿಲ್ಲ. ವರ್ತಕನೋ ಮೇಲುಕೋಟೆಗೆ ಬಂದ ಯಾತ್ರಿಕನೋ ತಂದಿರಬಹುದು. ಒಂದು ನಾಣ್ಯದಿಂದ ಯುದ್ಧದ ಕಥೆಯನ್ನು ಕಟ್ಟಲಾಗದು. ಆದರೆ ಆ ಹೊಲ ಯಾವುದು, ಅಲ್ಲಿ ಅಂಥವು ಬೇರೆ ದೊರೆತಿದ್ದುವೇ, ಗುಂಡುಗಳೇನಾದರೂ ಇದ್ದುವೇ ಎಂದು ಕೇಳುವುದಕ್ಕೆ ಗೆಳೆಯನ ತಂದೆ ಆಗ ಬದುಕಿದ್ದರು. ನಾನು ಕೇಳಲಿಲ್ಲ. ಗೆಳೆಯನೂ ಈಗ ಇಲ್ಲ. ಬಿಲ್ಲೆಯು ಎಲ್ಲಿಯಾದರೂ ಇದ್ದರೂ ಇನ್ನು ಅದು ಚಿನಕುರಳಿಯ ಸಾಕ್ಷಿಯಾಗಲಾರದು. ಬರಿಯ ತಾಮ್ರದ ತುಂಡು.

ನಮ್ಮ ಇತರ ಅಪರಾಧಗಳೂ ಕಡಮೆಯಲ್ಲ. ದೊರೆತ ಕಾಸನ್ನು ಹುಣಿಸೆಹಣ್ಣು ಬೂದಿಗಳಿಂದ ತಿಕ್ಕಿ ಥಳಥಳಿಸುವಂತೆ ಮಾಡುವುದು ನಮಗೆ ಹೆಮ್ಮೆಯ ಕೆಲಸ. ಕಿಲುಬಿನೊಡನೆ ಅಕ್ಷರದ ಮೊನೆಯೂ ಅಳಿಯುತ್ತದೆಂದು ಅರಿಯೆವು. ಕೋಟೆಯನ್ನು ಸೀಳಿಕೊಂಡು ಹೋಗುವ ರೈಲಿನ ಹಳಿಯ ಮೇಲೆ ಕೆಲವನ್ನಿಟ್ಟು ಚಪ್ಪಟೆ ಮಾಡಿದೆವು. ನನ್ನ ಡಬ್ಬಿಯಂತೂ, ನಾನು ಮೈಸೂರಿಗೆ ಓದಲು ಹೋದ ವರುಷ ಹಳೆಯ ಪಾತ್ರೆಗಳೊಡನೆ ತೂಕಕ್ಕೆ ಬಿದ್ದಿತು. ಬದಲಿಗೆ ಬಂದ ಹಿತ್ತಾಳೆಯ ಚೊಂಬಿನಲ್ಲಿ ನಮ್ಮ ತಾಯಿ ಬಹುಕಾಲ ನೀರು ಕೊಟ್ಟರು. ಅವರನ್ನು ದೂಷಿಸಲಾರೆ. ಡಬ್ಬಿಯೊಳಗೆ ಒಂದು ಚೀಟಿಯನ್ನು ಬರೆದಿಟ್ಟಿದ್ದರೆ ಅವರು ಓದಿಕೊಳ್ಳುತ್ತಿದ್ದರು.

2017ರಲ್ಲಿ ಜೋಡಿ ರೈಲುಮಾರ್ಗಕ್ಕಾಗಿ ಶ್ರೀರಂಗಪಟ್ಟಣದ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ದೂರಕ್ಕೆ ಸಾಗಿಸಿದರು. ಅದು ಮೊದಲು ನಿಂತಿದ್ದ ಸ್ಥಳವು ನಕ್ಷೆಯಲ್ಲಿ ದಾಖಲಾಗಿರುವುದರಿಂದ ಚರಿತ್ರೆಗೆ ದೊಡ್ಡ ನಷ್ಟವಾಗಲಿಲ್ಲ. ಸಾವಿರ ಟನ್ನಿನ ಕಟ್ಟಡವನ್ನು ಸ್ಥಳದ ನೆನಪಿನೊಡನೆ ಸಾಗಿಸಬಹುದಾದರೆ, ಹನ್ನೊಂದು ಗ್ರಾಮಿನ ಕಾಸಿಗೆ ಅಷ್ಟು ಉಪಚಾರವು ಅಸಾಧ್ಯವೇ?

ಈ ಜಿಲ್ಲೆಯ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ, ಅಜ್ಜಂದಿರ ಸಂದೂಕದಲ್ಲಿ ಇಂಥ ಕಾಸುಗಳು ಇನ್ನೂ ಇವೆ. ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ಅವನ್ನು ತಿಕ್ಕಬೇಡಿರಿ. ಒಂದೊಂದನ್ನೂ ಬೇರೆಬೇರೆ ಕಾಗದದ ಪೊಟ್ಟಣದಲ್ಲಿಟ್ಟು, ಯಾವ ಊರಿನ ಯಾವ ಹೊಲದಲ್ಲಿ, ಯಾರಿಗೆ, ಸುಮಾರು ಯಾವಾಗ ದೊರೆಯಿತೆಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಿರಿ. ತಿಳಿಯದಿದ್ದರೆ ತಿಳಿಯದೆಂದೇ ಬರೆಯಿರಿ. ಹೊಸದಾಗಿ ಅಗೆಯುವ ಆಸೆ ಬೇಡ. ಕೋಟೆಯು ಸಂರಕ್ಷಿತ ಸ್ಥಳ. ನೆಲದಲ್ಲಿ ನಿಧಿಯು ದೊರೆತರೆ ಸರ್ಕಾರಕ್ಕೆ ತಿಳಿಸಬೇಕೆಂದು 1962ರ ಕರ್ನಾಟಕ ನಿಧಿ ಶಾಸನವು ವಿಧಿಸುತ್ತದೆ. ಪ್ರವಾಸಿಗಳಿಗೆ ಮಾರುವ ಹೊಸ ಎರಕದ ‘ಟಿಪ್ಪು ನಾಣ್ಯ’ಗಳಿಗೂ ಮರುಳಾಗಬೇಡಿರಿ: ಎರಕದ ನಾಣ್ಯದ ಅಂಚಿನಲ್ಲಿ ಅಚ್ಚು ಕೂಡಿದ ಗೆರೆ ಕಾಣುತ್ತದೆ, ಹೊಡೆದ ನಾಣ್ಯದಲ್ಲಿ ಅದಿರುವುದಿಲ್ಲ.

ಅರಸರ ಕಥೆಯನ್ನು ಬರೆಯಲು ಬೇಕಾದಷ್ಟು ಜನರಿದ್ದಾರೆ. ಉಪ್ಪಿಗೆ ದುಡ್ಡು ತೆತ್ತವನ ಕಥೆಯು ಅಂಗೈಯಗಲದ ಒಂದು ಚೀಟಿಯನ್ನು ಮಾತ್ರ ಬೇಡುತ್ತದೆ. ಹೇಮಗಿರಿಯಿಂದ ತಂದ ಆ ‘ಏಳು’ ಅಂಕಿಯ ಕಾಸು ಹೇಗೋ ತೂಕಕ್ಕೆ ಬೀಳದೆ ನನ್ನಲ್ಲಿ ಉಳಿದಿದೆ. ಅದರ ಪೊಟ್ಟಣದ ಮೇಲೆ ಹೀಗೆ ಬರೆದಿಟ್ಟಿದ್ದೇನೆ: ‘ದೊರೆತ ಸ್ಥಳ ತಿಳಿಯದು. ಚಿನಕುರಳಿಯ ಹೊಲದಲ್ಲಿ ದೊರೆತ ನಾಣ್ಯವೊಂದನ್ನು ಕೊಟ್ಟು ಪಡೆದುದು.’